ಅಂಗೈಯಗಲದ ನೆಲ: ಕಾರಿನ ಟೈರು ಆರಿಸುವ ಬಗೆ

(ನಮ್ಮ ಕನ್ನಡ ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ಸಕ್ಕರೆ ಕಾಯಿಲೆಯನ್ನೋ ರಕ್ತದೊತ್ತಡವನ್ನೋ ಕುರಿತು ಮಾತನಾಡುವುದು ವಾಡಿಕೆ. ಕಾರ್ಯದರ್ಶಿಗಳು ದೂರವಾಣಿಯಲ್ಲಿ ವಿಷಯವೇನೆಂದು ಕೇಳಿದಾಗ ನಾವು "ಕಾರಿನ ಟೈರು" ಎಂದೆವು. ಅವರು ಕ್ಷಣಕಾಲ ಸುಮ್ಮನಿದ್ದು, "ನಿಜವಾಗಿಯೂ ಟೈರೇ, ಡಾಕ್ಟರೇ?" ಎಂದು ಇನ್ನೊಮ್ಮೆ ಕೇಳಿದರು. ಹೌದು, ಟೈರೇ.

ವೈದ್ಯರಿಗೂ ಟೈರಿಗೂ ಇರುವ ನಂಟು ಹೊಸದೇನಲ್ಲ. 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಜಾನ್ ಬಾಯ್ಡ್ ಡನ್‌ಲಪ್ ಬೆಲ್‌ಫಾಸ್ಟಿನಲ್ಲಿ ಪಶುವೈದ್ಯರಾಗಿದ್ದವರು. ತಮ್ಮ ಪುಟ್ಟ ಮಗನ ಮೂರು ಚಕ್ರದ ಸೈಕಲ್ಲು ಕಲ್ಲುಹಾಸಿನ ಮೇಲೆ ಕುಲುಕಾಡದಿರಲೆಂದು ಅವರು ಆ ಪ್ರಯೋಗಕ್ಕೆ ಕೈಹಾಕಿದರು. ನಮ್ಮ ಓಹಾಯೋ ರಾಜ್ಯದ ಆಕ್ರಾನ್ ನಗರವನ್ನು ಜಗತ್ತಿನ ರಬ್ಬರ್ ರಾಜಧಾನಿ ಎಂದು ಕರೆಯುತ್ತಿದ್ದುದನ್ನು ತಾವು ಬಲ್ಲಿರಿ. 1870ರಲ್ಲಿ ಅಲ್ಲಿ ಮೊದಲ ರಬ್ಬರ್ ಕಾರ್ಖಾನೆಯನ್ನು ತೆರೆದ ಬೆಂಜಮಿನ್ ಫ್ರಾಂಕ್ಲಿನ್ ಗುಡ್‌ರಿಚ್ ಕೂಡ ವೈದ್ಯರೇ. ಅಮೆರಿಕದ ಅಂತರ್ಯುದ್ಧದಲ್ಲಿ ಸೇನೆಯ ಶಸ್ತ್ರವೈದ್ಯರಾಗಿ ಸೇವೆ ಸಲ್ಲಿಸಿದವರು. ಆದರೆ ನಾವು ಈ ವಿಷಯವನ್ನು ಆರಿಸಿಕೊಂಡದ್ದು ಆ ಹಿರಿಯರ ಹೆಸರು ಹೇಳಿಕೊಳ್ಳುವುದಕ್ಕಲ್ಲ. ನಮ್ಮ ಮನೆಯಲ್ಲಿಯೇ ನಡೆದ ಒಂದು ಸಂಗತಿ ಇದಕ್ಕೆ ಕಾರಣ.

ಒಂದು ಸಹಿಯ ಕಥೆ

2017ರ ಸೆಪ್ಟೆಂಬರಿನಲ್ಲಿ ನಮ್ಮ ಹಳೆಯ ಕ್ಯಾಮ್ರಿ ಕಾರಿನ ಮುಂದಿನ ಎರಡು ಟೈರುಗಳು ನುಣ್ಣಗಾಗಿದ್ದವು. ಕೊಲಂಬಸ್ಸಿನಲ್ಲಿ ಓದುತ್ತಿದ್ದ ಮಗಳು ಆ ಕಾರನ್ನು ಓಡಿಸುತ್ತಿದ್ದಳು. ಟೈರಿನ ಅಂಗಡಿಯವನು, "ನಾಲ್ಕನ್ನೂ ಬದಲಾಯಿಸುವುದು ಒಳ್ಳೆಯದು. ಎರಡೇ ಸಾಕೆಂದರೆ ಹೊಸವನ್ನು ಹಿಂದಕ್ಕೆ ಹಾಕಿ, ಹಿಂದಿನವನ್ನು ಮುಂದಕ್ಕೆ ತರುತ್ತೇನೆ" ಎಂದನು. ನಾವು ಒಪ್ಪಲಿಲ್ಲ. ಎಂಜಿನ್ನಿನ ಬಲ ಮುಂದಿನ ಚಕ್ರಗಳಿಗೆ, ತಿರುಗುವ ಕೆಲಸ ಮುಂದಿನ ಚಕ್ರಗಳದು, ಬ್ರೇಕು ಒತ್ತಿದಾಗ ಭಾರವೂ ಮುಂದಕ್ಕೆ. ಹೀಗಿರುವಾಗ ಹೊಸ ಟೈರು ಮುಂದೆ ಇರುವುದೇ ನ್ಯಾಯವೆಂದು ವಾದಿಸಿದೆವು. ಅವನು ಹೆಚ್ಚು ಮಾತನಾಡದೆ ರಸೀದಿಯ ಮೇಲೆ "ಗ್ರಾಹಕರ ಇಚ್ಛೆಯ ಮೇರೆಗೆ" ಎಂದು ಬರೆದು ನಮ್ಮ ಸಹಿ ಪಡೆದನು. ವೈದ್ಯರ ಸಲಹೆಯನ್ನು ಮೀರಿ ಮನೆಗೆ ಹೊರಡುವ ರೋಗಿಯಿಂದ ನಾವು ಆಸ್ಪತ್ರೆಯಲ್ಲಿ ಪಡೆಯುವ ಸಹಿಯೂ ಇಂಥದೇ. ಅದು ಅಂದು ನಮ್ಮ ಬುದ್ಧಿಗೆ ಹೊಳೆಯಲಿಲ್ಲ. ಸುಮಾರು ಇನ್ನೂರ ಐವತ್ತು ಡಾಲರು ಉಳಿಯಿತೆಂಬುದೊಂದೇ ಹೊಳೆದದ್ದು.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಮಗಳು ಮನೆಗೆ ಹೊರಟ ದಿನ ಮಳೆ ಸುರಿಯುತ್ತಿತ್ತು. ಹೆದ್ದಾರಿಯಿಂದ ಇಳಿಯುವ ತಿರುವಿನಲ್ಲಿ ಅವಳು ಆಕ್ಸಲರೇಟರಿನಿಂದ ಕಾಲು ತೆಗೆದಳು. ಕಾರಿನ ಹಿಂಭಾಗ ಜಾರಿತು. ಕಾರು ಬುಗುರಿಯಂತೆ ತಿರುಗಿ, ಹುಲ್ಲಿನ ಮೇಲೆ, ತಾನು ಬಂದ ದಾರಿಗೇ ಮುಖಮಾಡಿ ನಿಂತಿತು. ಹಿಂದೆ ಬೇರೆ ವಾಹನವಿರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ನಾವು ಹೋಗಿ ಮುಟ್ಟುವಷ್ಟರಲ್ಲಿ ಕಾರನ್ನು ಎಳೆದೊಯ್ಯಲು ಬಂದವನು ಅಳತೆಕಡ್ಡಿಯಿಂದ ಟೈರಿನ ತೋಡುಗಳ ಆಳ ನೋಡುತ್ತಿದ್ದನು. ಮುಂದೆ 9, ಹಿಂದೆ 3. "ಅಪ್ಪಾ, ನಾನು ಜೋರಾಗಿ ಬರುತ್ತಿರಲಿಲ್ಲ" ಎಂದು ಮಗಳು ಮತ್ತೆ ಮತ್ತೆ ಹೇಳುತ್ತಿದ್ದಳು. ತಪ್ಪು ತನ್ನದೆಂದು ಅವಳು ಭಾವಿಸಿದ್ದಳು.

ಅಂದು ಆಗಿದ್ದೇನೆಂದು ಈಗ ಹೇಳಬಲ್ಲೆವು. ಮುಂದಿನ ಟೈರು ಜಾರಿದರೆ ಕಾರು ತಿರುವಿಗೆ ಮಣಿಯದೆ ನೇರಕ್ಕೆ ಎಳೆಯುತ್ತದೆ. ಚಾಲಕನಿಗೆ ಅದು ಸ್ಟೀರಿಂಗಿನಲ್ಲಿ ತಿಳಿಯುತ್ತದೆ. ಅವನು ಸಹಜವಾಗಿ ಕಾಲು ತೆಗೆಯುತ್ತಾನೆ. ಭಾರ ಮುಂದಕ್ಕೆ ವಾಲಿ ಮುಂದಿನ ಟೈರಿಗೆ ಹಿಡಿತ ಮರಳುತ್ತದೆ. ಹಿಂದಿನ ಟೈರು ಜಾರಿದಾಗಲೂ ಅವನು ಕಾಲು ತೆಗೆಯುತ್ತಾನೆ, ಆದರೆ ಈಗ ಅದೇ ಕ್ರಿಯೆಯಿಂದ ಹಿಂಭಾಗ ಇನ್ನಷ್ಟು ಹಗುರಾಗಿ ಇನ್ನಷ್ಟು ಜಾರುತ್ತದೆ. ಆ ಹಳೆಯ ಕಾರಿನಲ್ಲಿ ಜಾರಿಕೆಯನ್ನು ತಡೆಯುವ ಸ್ಟೆಬಿಲಿಟಿ ಕಂಟ್ರೋಲ್ ಇರಲಿಲ್ಲ. ಈ ದೇಶದಲ್ಲಿ ಅದು ಕಡ್ಡಾಯವಾದದ್ದು 2012ರ ಮಾದರಿಯ ಕಾರುಗಳಿಂದ. ಆದ್ದರಿಂದ ಇಂದಿನ ಮಾತಿನಲ್ಲಿ ತಾವು ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ನೆನಪಿಡಬೇಕು: ಎರಡೇ ಟೈರು ಕೊಂಡರೆ, ಯಾವ ಕಾರೇ ಆಗಲಿ, ಹೊಸವು ಹಿಂದಕ್ಕೆ.

ನೆಲವನ್ನು ಹಿಡಿಯುವುದು ಯಾವುದು?

ಕೈಯನ್ನು ಬೆರಳುಗಳ ಸಮೇತ ಮೇಜಿನ ಮೇಲೆ ಊರಿ ನೋಡಿ. ಸಾಮಾನ್ಯ ಕಾರಿನ ಒಂದೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಿಮೆ ಅಷ್ಟೇ ಜಾಗದಲ್ಲಿ. ಇಡೀ ಸಂಸಾರವನ್ನು ಹೊತ್ತ ಒಂದೂವರೆ ಟನ್ನಿನ ಬಂಡಿ ನಾಲ್ಕು ಅಂಗೈಗಳ ಮೇಲೆ ಗಂಟೆಗೆ 60 ಮೈಲಿ ಓಡುತ್ತದೆ. ಆ ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 770 ಸುತ್ತು ತಿರುಗುತ್ತದೆ. ನಮ್ಮ ಹೃದಯ ಅದೇ ನಿಮಿಷದಲ್ಲಿ ಎಪ್ಪತ್ತೆರಡು ಸಲ ಬಡಿಯುತ್ತದೆ.

ಒಣ ರಸ್ತೆಯಲ್ಲಿ ಹಿಡಿತವನ್ನು ಕೊಡುವುದು ರಬ್ಬರು. ಮಳೆಯಲ್ಲಿ ರಬ್ಬರು ನೆಲವನ್ನು ಮುಟ್ಟಬೇಕಾದರೆ ನಡುವಿನ ನೀರು ಸರಿಯಬೇಕು. ಆ ನೀರಿಗೆ ದಾರಿ ಕೊಡುವುದು ತೋಡುಗಳು. ಹೊಸ ಟೈರಿನ ತೋಡು ಸುಮಾರು 10/32 ಇಂಚು ಆಳವಿರುತ್ತದೆ. ಹೆಚ್ಚಿನ ರಾಜ್ಯಗಳ ಕಾನೂನು 2/32 ಇಂಚಿನವರೆಗೆ ಬಿಡುತ್ತದೆ. ಆದರೆ ಕಾನೂನಿನ ಗೆರೆಯೇ ಕ್ಷೇಮದ ಗೆರೆಯಲ್ಲ. ಆಳ 4/32ಕ್ಕಿಂತ ಕಡಿಮೆಯಾದ ಮೇಲೆ ಮಳೆಯಲ್ಲಿ ಕಾರು ನಿಲ್ಲಲು ಬೇಕಾಗುವ ದೂರ ಗಮನಾರ್ಹವಾಗಿ ಬೆಳೆಯುತ್ತದೆ. ಪರೀಕ್ಷೆಗೆ ಉಪಕರಣವೇನೂ ಬೇಡ. ಕಾಲು ಡಾಲರಿನ ನಾಣ್ಯವನ್ನು ತಲೆಕೆಳಗಾಗಿ ತೋಡಿನೊಳಗೆ ಇಳಿಸಿರಿ. ವಾಷಿಂಗ್ಟನ್ನರ ನೆತ್ತಿ ಪೂರ್ತಿಯಾಗಿ ಕಂಡರೆ ಆಳ 4/32ಕ್ಕೆ ಇಳಿದಿದೆ, ಹೊಸ ಟೈರು ಹುಡುಕುವ ಕಾಲ ಬಂದಿದೆ ಎಂದರ್ಥ. ಒಂದು ಸೆಂಟಿನ ನಾಣ್ಯದಲ್ಲಿ ಲಿಂಕನ್ನರ ನೆತ್ತಿ ಪೂರ್ತಿಯಾಗಿ ಕಂಡರೆ ಕಾನೂನಿನ ಗೆರೆಯೂ ಮುಗಿಯಿತು.

ಇಲ್ಲಿ ನಮ್ಮವರ ಸ್ವಭಾವದ ಮಾತೊಂದನ್ನು ಹೇಳಲೇಬೇಕು. ಊರಿನಲ್ಲಿ ನಮ್ಮ ತಂದೆಯವರ ಸ್ಕೂಟರಿನ ಹಿಂದಿನ ಟೈರು ಬೋಳಾದರೆ ಅದು ಮುಂದಕ್ಕೆ ಬರುತ್ತಿತ್ತು, ಮುಂದಿನದು ಸ್ಟೆಪ್ನಿಯಾಗುತ್ತಿತ್ತು, ಸ್ಟೆಪ್ನಿ ಹಿಂದಕ್ಕೆ ಹೋಗುತ್ತಿತ್ತು. ಲಾರಿಯ ಟೈರುಗಳಿಗೆ ಎರಡು ಮೂರು ಸಲ ರೀಸೋಲ್ ಆಗುತ್ತಿತ್ತು. ಅದು ಜಿಪುಣತನವಲ್ಲ, ಗಂಟೆಗೆ ಮೂವತ್ತು ಕಿಲೋಮೀಟರಿನ ಊರಿನಲ್ಲಿ ಅದು ಜಾಣತನವೇ. ಅದೇ ಜಾಣತನವನ್ನು ಗಂಟೆಗೆ ಎಪ್ಪತ್ತು ಮೈಲಿಯ ಹೆದ್ದಾರಿಗೆ ತಂದದ್ದು ನಮ್ಮ ತಪ್ಪು.

ಟೈರಿನ ಮೇಲಿನ ಬರಹ

ರಕ್ತಪರೀಕ್ಷೆಯ ವರದಿಯನ್ನು ಕೈಯಲ್ಲಿ ಹಿಡಿದ ರೋಗಿಯ ಗಾಬರಿಯನ್ನು ನಾವು ದಿನವೂ ನೋಡುತ್ತೇವೆ. ಟೈರಿನ ಪಕ್ಕದ ಬರಹವೂ ಅಂಥದೇ ವರದಿ. ಕ್ರಮವಾಗಿ ಓದಿದರೆ ಗಾಬರಿಗೆ ಕಾರಣವಿಲ್ಲ.

215/60 ಆರ್ 16, 94 ಎಚ್ ಎಂದು ಬರೆದಿದೆಯೆನ್ನಿ. ಟೈರಿನ ಅಗಲ 215 ಮಿಲಿಮೀಟರು. ಪಕ್ಕದ ಗೋಡೆಯ ಎತ್ತರ ಆ ಅಗಲದ ನೂರಕ್ಕೆ 60 ಪಾಲು. ಆರ್ ಎಂದರೆ ರೇಡಿಯಲ್ ರಚನೆ. 16 ಎಂಬುದು ಇಂಚುಗಳಲ್ಲಿ ರಿಮ್ಮಿನ ವ್ಯಾಸ. 94 ಎಂಬುದು ಹೊರುವ ಶಕ್ತಿಯ ಸಂಕೇತ: ಟೈರೊಂದಕ್ಕೆ 670 ಕಿಲೋ. ಎಚ್ ಎಂಬುದು ವೇಗದ ಮಿತಿ: ಗಂಟೆಗೆ 130 ಮೈಲಿ. ಟಿ ಎಂದಿದ್ದರೆ 118, ವಿ ಎಂದಿದ್ದರೆ 149. ಕಾರು ತಯಾರಿಸಿದವರು ಸೂಚಿಸಿದ ಅಳತೆ ಮತ್ತು ಹೊರುವ ಶಕ್ತಿಗಿಂತ ಕಡಿಮೆಯದನ್ನು ಎಂದಿಗೂ ಕೊಳ್ಳಬಾರದು. ಇವೆಲ್ಲವೂ ಚಾಲಕನ ಬಾಗಿಲು ತೆರೆದಾಗ ಕಾಣುವ ಚೀಟಿಯಲ್ಲಿಯೂ ಕಾರಿನ ಕೈಪಿಡಿಯಲ್ಲಿಯೂ ಇರುತ್ತವೆ. ವಿದ್ಯುತ್ ಕಾರು ಕೊಂಡವರು ಈ ಮಾತಿಗೆ ಹೆಚ್ಚು ಗಮನ ಕೊಡಬೇಕು. ಬ್ಯಾಟರಿಯಿಂದಾಗಿ ಆ ಕಾರುಗಳ ತೂಕ ಹೆಚ್ಚು, ಮೊದಲ ಎಳೆತದ ಬಲವೂ ಹೆಚ್ಚು; ಟೈರು ಬೇಗ ಸವೆಯುತ್ತದೆ.

ಇನ್ನು ಸರ್ಕಾರದ ನಿಯಮದಂತೆ ಅಚ್ಚೊತ್ತುವ ಮೂರು ದರ್ಜೆಗಳು. ಮೊದಲನೆಯದು ಸವೆತದ ಅಂಕ: 300, 500, 700 ಹೀಗೆ. ಟೆಕ್ಸಸ್ಸಿನ ಸ್ಯಾನ್ ಆಂಜಲೋ ಊರಿನ ಸುತ್ತ 400 ಮೈಲಿಯ ಒಂದು ಹಾದಿಯಿದೆ. ಟೈರುಗಳನ್ನು ಅದರ ಮೇಲೆ ಒಟ್ಟು 7,200 ಮೈಲಿ ಓಡಿಸಿ, ಜೊತೆಯಲ್ಲಿ ಓಡಿದ ಮಾದರಿ ಟೈರಿನ ಸವೆತದೊಡನೆ ಹೋಲಿಸುತ್ತಾರೆ. ತತ್ತ್ವದಲ್ಲಿ 400ರ ಟೈರು 200ರ ಟೈರಿಗಿಂತ ಎರಡರಷ್ಟು ಬಾಳಬೇಕು. ಆದರೆ ಪರೀಕ್ಷೆಯಲ್ಲಿ ಟೈರು ಪೂರ್ತಿ ಸವೆಯುವುದಿಲ್ಲ, ಉಳಿದುದು ಲೆಕ್ಕಾಚಾರ. ಅಂಕವನ್ನು ಹಾಕುವವರೂ ತಯಾರಕರೇ. ವಿದ್ಯಾರ್ಥಿಯೇ ತನ್ನ ಉತ್ತರಪತ್ರಿಕೆ ತಿದ್ದಿದಂತೆ! ಒಂದೇ ಕಂಪೆನಿಯ ಎರಡು ಟೈರುಗಳನ್ನು ಹೋಲಿಸಲು ಈ ಅಂಕ ಉಪಯುಕ್ತ; ಎರಡು ಕಂಪೆನಿಗಳ ನಡುವೆ ಅಷ್ಟಾಗಿ ನಂಬುವಂತಿಲ್ಲ.

ಎರಡನೆಯದು ಹಿಡಿತದ ದರ್ಜೆ: ಎಎ, ಎ, ಬಿ, ಸಿ. ಒದ್ದೆ ಡಾಂಬರು ಮತ್ತು ಒದ್ದೆ ಕಾಂಕ್ರೀಟಿನ ಮೇಲೆ ಚಕ್ರ ತಿರುಗದೆ ನೇರವಾಗಿ ಜಾರುವಾಗಿನ ಹಿಡಿತವನ್ನಷ್ಟೇ ಇದು ಅಳೆಯುತ್ತದೆ. ತಿರುವಿನಲ್ಲಿ ಹೇಗೆ, ನಿಂತ ನೀರಿನ ಮೇಲೆ ಹೇಗೆ, ಹಿಮದಲ್ಲಿ ಹೇಗೆ ಎಂಬುದನ್ನು ಇದು ಹೇಳದು. ಮೂರನೆಯದು ಕಾವನ್ನು ತಾಳುವ ದರ್ಜೆ: ಎ, ಬಿ, ಸಿ. ದೂರದ ಬೇಸಿಗೆ ಪ್ರಯಾಣ ಹೆಚ್ಚಾಗಿ ಮಾಡುವವರು ಎ ದರ್ಜೆಯನ್ನೇ ಆರಿಸಿಕೊಳ್ಳುವುದು ಲೇಸು.

ಕೊನೆಯದು ಹುಟ್ಟಿದ ದಿನ. ಡಿಓಟಿ ಎಂಬ ಅಕ್ಷರಗಳಿಂದ ಮೊದಲಾಗುವ ಸಾಲಿನ ಕೊನೆಯ ನಾಲ್ಕು ಅಂಕಿಗಳು 3523 ಎಂದಿದ್ದರೆ, ಆ ಟೈರು 2023ರ 35ನೆಯ ವಾರದಲ್ಲಿ ತಯಾರಾದದ್ದು. ಪೂರ್ತಿ ಸಾಲು ಕೆಲವೊಮ್ಮೆ ಟೈರಿನ ಒಳಪಕ್ಕದಲ್ಲಿ ಮಾತ್ರ ಇರುತ್ತದೆ, ಬಗ್ಗಿ ನೋಡಬೇಕು. ರಬ್ಬರಿಗೂ ಮುಪ್ಪು ಇದೆ. ತೋಡು ಆಳವಾಗಿಯೇ ಇದ್ದರೂ ಆರು ವರ್ಷವಾದ ಮೇಲೆ ಬದಲಾಯಿಸಿರೆಂದು ಹಲವು ಕಾರು ತಯಾರಕರು ಹೇಳುತ್ತಾರೆ. ಹತ್ತು ವರ್ಷ ಮೀರಿದ ಟೈರು ಎಷ್ಟೇ ಚೆಂದ ಕಂಡರೂ ಬೇಡವೆಂಬುದು ಅನೇಕ ಟೈರು ತಯಾರಕರ ಮಾತು. ಡಿಕ್ಕಿಯಲ್ಲಿ ಮಲಗಿರುವ ಸ್ಟೆಪ್ನಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಚಳಿಗಾಲದ ಪ್ರಶ್ನೆ

ಈರೀ ಸರೋವರದ ದಂಡೆಯ ಹಿಮದಲ್ಲಿ ಬದುಕುವ ನಮಗೆ ಇದು ಮುಖ್ಯ ಪ್ರಶ್ನೆ. ಚಳಿ ಏರಿದಂತೆ ರಬ್ಬರು ಗಟ್ಟಿಯಾಗುತ್ತದೆ. ಗಟ್ಟಿಯಾದ ರಬ್ಬರು ನೆಲದ ತರಿಗಳಿಗೆ ಅಂಟಿಕೊಳ್ಳಲಾರದು. ಸುಮಾರು 45 ಡಿಗ್ರಿ ಫ್ಯಾರನ್‌ಹೀಟಿನ ಕೆಳಗೆ ಬೇಸಿಗೆಯ ಟೈರುಗಳ ಹಿಡಿತ ಕುಗ್ಗುತ್ತದೆ. ಚಳಿಗಾಲದ ಟೈರಿನ ರಬ್ಬರು ಆಗಲೂ ಮೆತ್ತಗಿರುವಂತೆ ಬೆರೆಸಿದ್ದು. ನಡುವಿನದು ಆಲ್-ಸೀಸನ್: ಎಲ್ಲ ಕಾಲಕ್ಕೂ ಒದಗುವಂಥದು, ಯಾವ ಕಾಲಕ್ಕೂ ಅತ್ಯುತ್ತಮವಲ್ಲದ್ದು.

ಎಂ+ಎಸ್ ಎಂಬ ಗುರುತನ್ನು ನೋಡಿ ಮೋಸಹೋಗಬಾರದು. ಮಣ್ಣು ಮತ್ತು ಹಿಮ ಎಂಬುದರ ಸಂಕ್ಷೇಪವಾದ ಅದು ತೋಡುಗಳ ವಿನ್ಯಾಸದ ಗುರುತು ಮಾತ್ರ. ಹಿಮದ ಮೇಲೆ ಓಡಿಸಿ ಪರೀಕ್ಷಿಸಿದ್ದೆಂದಲ್ಲ. ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಈ ಚಿತ್ರವಿದ್ದರೆ ಆ ಟೈರು ಹಿಮದ ಮೇಲೆ ಪರೀಕ್ಷೆಗೆ ಒಳಗಾಗಿ ತೇರ್ಗಡೆಯಾದದ್ದು. ಆ ಪರೀಕ್ಷೆಯೂ ಮುಂದಕ್ಕೆ ಎಳೆಯುವ ಬಲವನ್ನು ನೋಡುತ್ತದೆಯೇ ಹೊರತು ಮಂಜುಗಡ್ಡೆಯ ಮೇಲೆ ನಿಲ್ಲುವ ಬಲವನ್ನಲ್ಲ. ನಾಲ್ಕು ಚಕ್ರಕ್ಕೂ ಎಂಜಿನ್ನಿನ ಬಲವಿರುವ ಕಾರು ಕೊಂಡ ಗೆಳೆಯರು ತಮಗೆ ಚಳಿಗಾಲದ ಟೈರು ಬೇಡವೆನ್ನುತ್ತಾರೆ. ಆ ಬಲ ಹೊರಡುವುದಕ್ಕೆ ನೆರವಾಗುತ್ತದೆ, ನಿಲ್ಲುವುದಕ್ಕೆ ಅಲ್ಲ. ಕೆನಡದ ಕ್ವಿಬೆಕ್ ಪ್ರಾಂತ್ಯದಲ್ಲಿ 2008ರಿಂದ ಚಳಿಗಾಲದ ಟೈರು ಕಡ್ಡಾಯವಾಗಿದೆ. ಇಲ್ಲಿ ಕಡ್ಡಾಯವಲ್ಲ. ಮುಂಜಾನೆ ನಾಲ್ಕಕ್ಕೆ ಆಸ್ಪತ್ರೆಗೆ ಹೊರಡಬೇಕಾದವರು ನಾಲ್ಕು ಚಳಿಗಾಲದ ಟೈರು ಇಟ್ಟುಕೊಳ್ಳಲಿ, ಎರಡಲ್ಲ, ನಾಲ್ಕು. ಹಿಮ ಬಿದ್ದ ದಿನ ಮನೆಯಿಂದಲೇ ಕೆಲಸ ಮಾಡಬಲ್ಲವರಿಗೆ ಬೆಟ್ಟದ ಚಿತ್ರವಿರುವ ಆಲ್-ವೆದರ್ ಟೈರು ಸಾಕು. ಎರಡು ಜೊತೆ ಕೊಂಡರೆ ಖರ್ಚು ಇಮ್ಮಡಿಯಾಗುವುದಿಲ್ಲ. ಒಂದು ಜೊತೆ ಓಡುವಾಗ ಇನ್ನೊಂದು ಗ್ಯಾರೇಜಿನಲ್ಲಿ ಸವೆಯದೆ ವಿಶ್ರಮಿಸುತ್ತದೆ.

ಕೊಟ್ಟ ಹಣಕ್ಕೆ ತಕ್ಕ ಬಾಳಿಕೆ

ಬೆಲೆಯನ್ನು ಟೈರಿಗೆ ಇಷ್ಟೆಂದು ನೋಡದೆ ಮೈಲಿಗೆ ಇಷ್ಟೆಂದು ನೋಡಬೇಕು. ಉದಾಹರಣೆಗೆ, ಒಂದು ಟೈರು 110 ಡಾಲರು, 40,000 ಮೈಲಿ ಬಾಳುತ್ತದೆ. ಇನ್ನೊಂದು 165 ಡಾಲರು, 60,000 ಮೈಲಿ ಬಾಳುತ್ತದೆ ಎನ್ನೋಣ. ಕೂರಿಸಿ, ತೂಕ ಸರಿದೂಗಿಸಲು ಟೈರಿಗೆ 25 ಡಾಲರು ಸೇರಿಸಿದರೆ ನಾಲ್ಕಕ್ಕೆ ಮೊದಲನೆಯದು 540, ಎರಡನೆಯದು 760. ಮೈಲಿಗೆ ಲೆಕ್ಕ ಹಾಕಿದರೆ ಮೊದಲನೆಯದು 1.35 ಸೆಂಟು, ಎರಡನೆಯದು 1.27 ಸೆಂಟು. ವರ್ಷಕ್ಕೆ 12,000 ಮೈಲಿ ಓಡಿಸುವವರಿಗೆ ವ್ಯತ್ಯಾಸ ಹತ್ತು ಡಾಲರು. ಅಂದಮೇಲೆ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಆ ಹತ್ತು ಡಾಲರಲ್ಲ, ಮಳೆಯಲ್ಲಿನ ಹಿಡಿತ.

ಆದರೆ ಹೆಚ್ಚು ಬಾಳುವುದೇ ಎಲ್ಲರಿಗೂ ಒಳ್ಳೆಯದೆಂದು ತಿಳಿಯಬಾರದು. ದೀರ್ಘ ಬಾಳಿಕೆಗಾಗಿ ರಬ್ಬರನ್ನು ಗಟ್ಟಿಯಾಗಿಸಿದರೆ ಹಿಡಿತ ತಗ್ಗುವ ಸಂಭವವುಂಟು. ಸಿಲಿಕಾ ಬೆರೆಸಿದ ಹೊಸ ರಬ್ಬರುಗಳು ಈ ವೈರುಧ್ಯವನ್ನು ಕಡಿಮೆ ಮಾಡಿವೆ, ಇಲ್ಲವಾಗಿಸಿಲ್ಲ. ವರ್ಷಕ್ಕೆ 5,000 ಮೈಲಿ ಮಾತ್ರ ಓಡಿಸುವ ನಿವೃತ್ತರು 80,000 ಮೈಲಿಯ ಟೈರು ಕೊಂಡರೆ ಅದು ಸವೆಯಲು ಹದಿನಾರು ವರ್ಷ ಬೇಕು. ಅದಕ್ಕೆ ಮೊದಲೇ ಮುಪ್ಪು ಬರುತ್ತದೆ. ಅವರು ಬಾಳಿಕೆಯನ್ನು ಬಿಟ್ಟು ಹಿಡಿತಕ್ಕೆ ಹಣ ಕೊಡುವುದು ವಿವೇಕ. ಮೈಲಿಯ ಭರವಸೆಯೂ ನಗದು ಹಣವಲ್ಲ. ಟೈರು ಬೇಗ ಸವೆದರೆ ಉಳಿದ ಮೈಲಿಗಳಿಗೆ ತಕ್ಕಷ್ಟು ರಿಯಾಯಿತಿಯನ್ನು ಹೊಸ ಟೈರಿನ ಮೇಲೆ ಕೊಡುತ್ತಾರೆ; ಅದಕ್ಕೂ ಕ್ರಮವಾಗಿ ರೊಟೇಶನ್ ಮಾಡಿಸಿದ ರಸೀದಿಗಳನ್ನು ಕೇಳುತ್ತಾರೆ. ಟೈರುಗಳನ್ನು ಹಿಂದು ಮುಂದಾಗಿ ಬದಲಿಸುವ ಈ ರೊಟೇಶನ್ನನ್ನು 5,000ದಿಂದ 8,000 ಮೈಲಿಗೊಮ್ಮೆ ಮಾಡಿಸಿದರೆ ನಾಲ್ಕೂ ಒಟ್ಟಿಗೆ ಸವೆಯುತ್ತವೆ. ಎರಡು ಕೊಳ್ಳಬೇಕೆ, ನಾಲ್ಕೇ ಎಂಬ ನಮ್ಮ ಪೇಚು ಆಗ ಹುಟ್ಟುವುದೇ ಇಲ್ಲ.

ಗಾಳಿಯ ಪ್ರಮಾಣ

ಟೈರಿನ ಮೇಲೆ ಬರೆದಿರುವ ಗಾಳಿಯ ಒತ್ತಡವು ಗರಿಷ್ಠ ಮಿತಿ; ಬಾಗಿಲ ಬಳಿಯ ಚೀಟಿಯಲ್ಲಿರುವುದು ತಮ್ಮ ಕಾರಿಗೆ ಬೇಕಾದದ್ದು. ಔಷಧದ ಗರಿಷ್ಠ ಪ್ರಮಾಣವೇ ರೋಗಿಗೆ ಬರೆದುಕೊಟ್ಟ ಪ್ರಮಾಣವಲ್ಲ ತಾನೇ? ಕಾರು ಕೆಲವು ಗಂಟೆ ನಿಂತು ಟೈರು ತಣ್ಣಗಿರುವಾಗ ತಿಂಗಳಿಗೊಮ್ಮೆ ಅಳೆಯಬೇಕು. ಹೊರಗಿನ ಉಷ್ಣತೆ 10 ಡಿಗ್ರಿ ಫ್ಯಾರನ್‌ಹೀಟ್ ಇಳಿದರೆ ಒತ್ತಡ ಸುಮಾರು ಒಂದು ಪಿ.ಎಸ್.ಐ. ಇಳಿಯುತ್ತದೆ. ಆಗಸ್ಟಿನಲ್ಲಿ ಸರಿಯಾಗಿದ್ದ ಟೈರು ಡಿಸೆಂಬರಿನಲ್ಲಿ ಐದಾರು ಕಡಿಮೆ ತೋರಿಸುವುದು ಹೀಗೆ. ಎಚ್ಚರಿಕೆಯ ದೀಪವಿದೆಯಲ್ಲ ಎನ್ನಬಹುದು. ನಿಯಮದಂತೆ ಆ ದೀಪ ಹತ್ತಲೇಬೇಕಾದದ್ದು ಒತ್ತಡ ನೂರಕ್ಕೆ 25ರಷ್ಟು ಕುಸಿದಾಗ: 35 ಇರಬೇಕಾದ ಕಡೆ 26ಕ್ಕೆ ಇಳಿದಾಗ. ಎದೆನೋವು ಬಂದ ಮೇಲೆ ರಕ್ತದೊತ್ತಡ ನೋಡಿಸಿಕೊಂಡಂತೆ ಅದು.

ಅಂಗಡಿಗೆ ಹೊರಡುವ ಮುನ್ನ

ತಮ್ಮ ಬಾಗಿಲ ಚೀಟಿಯ ಅಳತೆಯನ್ನು ಬರೆದುಕೊಳ್ಳಿರಿ. ವರ್ಷಕ್ಕೆ ಎಷ್ಟು ಮೈಲಿ ಓಡುತ್ತೀರಿ, ಹಿಮದಲ್ಲಿ ಹೊರಡಲೇಬೇಕೇ, ಕಾರನ್ನು ಹೆಚ್ಚಾಗಿ ಓಡಿಸುವವರು ಯಾರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಹುಡುಕಿರಿ. ಆ ಅಳತೆಯಲ್ಲಿ ಒದ್ದೆ ರಸ್ತೆಯ ಹಿಡಿತ ಚೆನ್ನಾಗಿರುವ ಮೂರು ನಾಲ್ಕು ಟೈರುಗಳನ್ನು ಸ್ವತಂತ್ರ ಪರೀಕ್ಷಾ ವರದಿಗಳಿಂದ ಆರಿಸಿ, ಅವುಗಳ ನಡುವೆ ಮಾತ್ರ ಮೈಲಿಯ ಬೆಲೆಯನ್ನು ಹೋಲಿಸಿರಿ. ಕೂರಿಸುವ ಮುನ್ನ ತಯಾರಾದ ವಾರವನ್ನು ನೋಡಿರಿ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿರಿ. ಕಾರಣವನ್ನು ಬಿಟ್ಟು ಲಕ್ಷಣಕ್ಕೆ ಮದ್ದು ಕೊಟ್ಟರೆ ರೋಗ ಮರಳಿ ಬರುತ್ತದೆ.

ನಮ್ಮ ಮಕ್ಕಳು ಮೊದಲು ಓಡಿಸುವುದು ಸಾಮಾನ್ಯವಾಗಿ ಮನೆಯ ಅತ್ಯಂತ ಹಳೆಯ ಕಾರನ್ನು. ಒಳ್ಳೆಯ ಟೈರು ಹೊಸ ಕಾರಿಗೆ, ಸವೆದದ್ದು ಅವರ ಕಾರಿಗೆ ಎಂಬುದು ಅನೇಕ ಮನೆಗಳ ಪದ್ಧತಿ. ಅನುಭವ ಕಡಿಮೆ ಇರುವ ಕೈಗೇ ಹಿಡಿತ ಹೆಚ್ಚಿರುವ ಟೈರು ಬೇಕಲ್ಲವೇ?

ಆ ರಾತ್ರಿ ಊಟವಾದ ಮೇಲೆ ನಾವು ರಸೀದಿಯನ್ನು ಮಗಳ ಮುಂದಿಟ್ಟು ಸಹಿಯನ್ನು ತೋರಿಸಿದೆವು. ಅವಳು ಓದಿ, "ಹಾಗಾದರೆ ತಪ್ಪು ನನ್ನದಲ್ಲ" ಎಂದಳು. ಅಲ್ಲ ಎಂದೆವು. ಅವಳೀಗ ಬೇರೆ ಊರಿನಲ್ಲಿದ್ದಾಳೆ, ತನ್ನ ಕಾರಿಗೆ ತಾನೇ ಟೈರು ಕೊಳ್ಳುತ್ತಾಳೆ, ನಾಲ್ಕನ್ನೂ ಒಟ್ಟಿಗೆ. ಆ ರಸೀದಿ ಮಾತ್ರ ಇಂದಿಗೂ ನಮ್ಮ ಮೇಜಿನ ಖಾನೆಯಲ್ಲಿದೆ. ರೋಗಿಗಳು ನಮ್ಮ ಮಾತು ಕೇಳದಿದ್ದಾಗ ಸಿಟ್ಟು ಬಂದರೆ ಅದನ್ನೊಮ್ಮೆ ತೆಗೆದು ನೋಡುತ್ತೇವೆ.

ಹೊರಗೆ ಮಳೆ ಬರುತ್ತಿದೆ. ಮನೆಗೆ ಹೊರಡುವಾಗ ಕಾರಿನ ಬಳಿ ಒಂದು ನಿಮಿಷ ನಿಂತು, ಕಾಲು ಡಾಲರಿನ ನಾಣ್ಯವನ್ನು ಹಿಂದಿನ ಟೈರಿಗೊಮ್ಮೆ ಇಳಿಸಿ ನೋಡಿರಿ.